‘ಇಲ್ಲ’ ಎಂಬ ಉತ್ತರದ ಆಯಸ್ಸು



ತಂತ್ರಜ್ಞಾನದ ಒಂದು ಸಂಗತಿಯನ್ನು ಕನ್ನಡದಲ್ಲಿ, ತಾಲ್ಲೂಕಿನ ಜನರ ದಿನದ ಬದುಕಿಗೆ ಹೊಂದಿಸಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕಂತೆ ನಾನು ಇವತ್ತು ಎತ್ತಿಕೊಂಡಿರುವುದು ಒಂದೇ ಒಂದು ಸೆಟ್ಟಿಂಗನ್ನು. ಜಾಲತಾಣ ನಡೆಸುವವರು ಒಂದು ಖಾನೆಯಲ್ಲಿ ಒಂದು ಅಂಕಿ ತುಂಬುತ್ತಾರೆ. ಎಷ್ಟೋ ಜನ ತುಂಬುವುದೇ ಇಲ್ಲ, ಕಂಪನಿಯವರು ಮೊದಲೇ ಇಟ್ಟ ಅಂಕಿಯನ್ನು ಹಾಗೇ ಬಿಟ್ಟಿರುತ್ತಾರೆ. ಸರ್ವರ್ ಒಮ್ಮೆ ‘ಇಲ್ಲ’ ಎಂದೋ ‘ಈಗ ಆಗದು’ ಎಂದೋ ಹೇಳಿದರೆ, ಆ ಉತ್ತರವನ್ನು ಎಷ್ಟು ಸೆಕೆಂಡು ಇಟ್ಟುಕೊಂಡು ಮುಂದೆ ಕೇಳಿದವರಿಗೆಲ್ಲ ಅದನ್ನೇ ಹೇಳಬೇಕು ಎಂಬುದು ಆ ಅಂಕಿ. ಸರಿಯಾದ ಉತ್ತರಕ್ಕೆ ಇರುವಂತೆ ದೋಷದ ಉತ್ತರಕ್ಕೂ ಆಯಸ್ಸು ಇದೆ. ಅದನ್ನು ದೋಷದ ಬಗೆ ನೋಡಿ, ಒಂದೊಂದಕ್ಕೂ ಬೇರೆಯಾಗಿ, ಯೋಚಿಸಿ ಗೊತ್ತುಮಾಡಬೇಕು. ಗೊತ್ತುಮಾಡದೆ ಬಿಟ್ಟಾಗ ಪೆಟ್ಟು ತಿನ್ನುವವರು ಯಾರೆಂದರೆ ಜಗಳೂರಿನ ಕಂಪ್ಯೂಟರ್ ಸೆಂಟರಿನ ಮುಂದೆ ನಿಂತ ಹುಡುಗಿ, ಬೆಳೆ ವಿಮೆಯ ಕೊನೆಯ ದಿನ ಪಹಣಿ ಹಿಡಿದು ಬಂದ ರೈತ. ಇದು ಎಂಜಿನಿಯರುಗಳ ಕೋಣೆಯೊಳಗೆ ಮುಗಿಯುವ ವಿಷಯವಲ್ಲ ಎಂದೇ ನಾನು ಇದನ್ನು ಸಭೆಗೆ ತಂದಿದ್ದೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನೇ ತೆಗೆದುಕೊಳ್ಳಿ. 2025ರಲ್ಲಿ ಅದು ಮೇ 2ರಂದು ಬಂತು. ದ್ವಿತೀಯ ಪಿಯು ಫಲಿತಾಂಶ ಅದಕ್ಕೂ ಮೊದಲು, ಏಪ್ರಿಲ್ 8ರಂದು. ಬೆಂಗಳೂರಿನಲ್ಲಿ ಸಚಿವರ ಪತ್ರಿಕಾಗೋಷ್ಠಿ ಮೊದಲು, ಜಾಲತಾಣದಲ್ಲಿ ಅಂಕ ಆಮೇಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವರು ಎಂಟು ಲಕ್ಷಕ್ಕೂ ಮೇಲೆ. ಮಕ್ಕಳು ಇಷ್ಟಾದರೆ ನೋಡುವ ಫೋನುಗಳು ಅದರ ಹಲವು ಪಟ್ಟು: ಅಣ್ಣ ನೋಡುತ್ತಾನೆ, ಸೋದರಮಾವ ನೋಡುತ್ತಾನೆ, ಟ್ಯೂಷನ್ ಮೇಷ್ಟ್ರು ಇಡೀ ಬ್ಯಾಚಿನದು ನೋಡುತ್ತಾರೆ. ಎಲ್ಲರೂ ಹೇಳಿದ ಸಮಯಕ್ಕೆ ಕಾಲು ಗಂಟೆ ಮೊದಲೇ ಶುರುಮಾಡುತ್ತಾರೆ. ಸೆಂಟರಿನ ಹುಡುಗ ಚೀಟಿಗಳಲ್ಲಿ ಬರೆದುಕೊಂಡ ರಿಜಿಸ್ಟರ್ ನಂಬರುಗಳನ್ನು ಕೀಬೋರ್ಡಿನ ಪಕ್ಕ ಜೋಡಿಸಿಟ್ಟುಕೊಂಡು ರಿಫ್ರೆಶ್ ಒತ್ತುತ್ತಲೇ ಇರುತ್ತಾನೆ. ಹಿಂದಿನಿಂದ ಒಂದು ದನಿ: “ಅಣ್ಣಾ, ಜಿಯೋದಾಗ ಬರವಲ್ದು, ಏರ್‌ಟೆಲ್ಲಿನಾಗ ಬಂತಂತೆ ನೋಡು.” ಈ ಮಾತನ್ನು ಎಲ್ಲರೂ ಕೇಳಿದ್ದೇವೆ, ನೆಟ್‌ವರ್ಕಿನ ಸಮಸ್ಯೆ ಎಂದು ಸುಮ್ಮನಾಗಿದ್ದೇವೆ. ಕೆಲವೊಮ್ಮೆ ಅದು ನೆಟ್‌ವರ್ಕಿನ ಸಮಸ್ಯೆಯೇ. ಆದರೆ ಒಂದೇ ಮನೆಯ ಎರಡು ಫೋನುಗಳಲ್ಲಿ ಒಂದಕ್ಕೆ ಪುಟ ಸಿಕ್ಕಿ ಇನ್ನೊಂದಕ್ಕೆ ‘ಪುಟವೇ ಇಲ್ಲ’ ಎಂಬ ಉತ್ತರ ಬರುವುದಕ್ಕೆ ಬೇರೊಂದು ಕಾರಣವೂ ಇರುತ್ತದೆ. ಅದನ್ನು ತಿಳಿಯಲು ಸಿಡಿಎನ್ ಎಂದರೇನು ಎಂಬಲ್ಲಿಂದ ಹೊರಡಬೇಕು.

ಸಿಡಿಎನ್ ಎಂದರೆ ಕಂಟೆಂಟ್ ಡೆಲಿವರಿ ನೆಟ್‌ವರ್ಕ್. ಜಾಲತಾಣದ ಮೂಲ ಸರ್ವರ್ ಒಂದು ಕಡೆ ಇರುತ್ತದೆ. ಅದನ್ನು ಒರಿಜಿನ್ ಎನ್ನುತ್ತಾರೆ. ಅದರ ಪುಟಗಳ ಪ್ರತಿಗಳನ್ನು ಇಟ್ಟುಕೊಂಡು ಹಂಚುವ ಕೇಂದ್ರಗಳು ಬೇರೆಬೇರೆ ದೊಡ್ಡ ಊರುಗಳಲ್ಲಿ ಇರುತ್ತವೆ; ಅವು ಎಡ್ಜ್. ಈ ಉದ್ಯಮದ ಮೊದಲ ದೊಡ್ಡ ಕಂಪನಿ ಅಕಮಾಯ್ 1998ರಲ್ಲಿ ಅಮೆರಿಕದ ಎಂಐಟಿಯ ಟಾಮ್ ಲೇಟನ್ ಮತ್ತು ಡೇನಿಯಲ್ ಲೂಯಿನ್ ಅವರಿಂದ ಶುರುವಾಯಿತು. ಈಗ ಕ್ಲೌಡ್‌ಫ್ಲೇರ್, ಅಮೆಜಾನಿನ ಕ್ಲೌಡ್‌ಫ್ರಂಟ್, ಗೂಗಲ್‌ನ ಕ್ಲೌಡ್ ಸಿಡಿಎನ್, ಫಾಸ್ಟ್ಲಿ ಎಲ್ಲವೂ ಇವೆ. ನಮ್ಮ ಕಡೆಗೆ ಹತ್ತಿರದ ಎಡ್ಜ್ ಕೇಂದ್ರಗಳು ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿವೆ. ನಿಮ್ಮ ಫೋನ್ ಯಾವ ಕೇಂದ್ರಕ್ಕೆ ಹೋಗುತ್ತದೆ ಎಂಬುದನ್ನು ನಿಮ್ಮ ಸಿಮ್ ಕಂಪನಿಯ ದಾರಿಗಳು ತೀರ್ಮಾನಿಸುತ್ತವೆ. ಒಂದೊಂದು ಎಡ್ಜಿನ ನೆನಪೂ ಬೇರೆಬೇರೆ. ಬೆಂಗಳೂರಿನ ಎಡ್ಜ್ ಹತ್ತು ಸೆಕೆಂಡಿನ ಹಿಂದೆ ಕೇಳಿಬಂದ ಉತ್ತರವನ್ನು ಹೇಳುತ್ತಿರುವಾಗ ಮುಂಬೈಯ ಎಡ್ಜ್ ನಾಲ್ಕು ನಿಮಿಷದ ಹಿಂದೆ ಕೇಳಿಬಂದ ಉತ್ತರವನ್ನು ಹೇಳುತ್ತಿರಬಹುದು. ಜಿಯೋ, ಏರ್‌ಟೆಲ್ಲುಗಳ ಗುಟ್ಟು ಇದು.

ಇದನ್ನು ನ್ಯಾಮತಿಯ ಸೊಸೈಟಿಯಲ್ಲಿ ಗೊಬ್ಬರ ಕೇಳುವ ಕೆಲಸಕ್ಕೆ ಹೋಲಿಸುತ್ತೇನೆ. ಮುಂದಿನ ಮಾತಿಗೆಲ್ಲ ಇದೇ ಹೋಲಿಕೆ ಸಾಕಾಗುತ್ತದೆ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡುವ ಹೊತ್ತು. ಯೂರಿಯಾ ಬಂತೇ ಎಂದು ಮೊದಲ ರೈತ ಕೇಳುತ್ತಾನೆ. ಸೆಕ್ರೆಟರಿ ದಾವಣಗೆರೆಯ ಡಿಪೋಗೆ ಫೋನ್ ಮಾಡುತ್ತಾರೆ. ‘ಇಲ್ಲ’ ಎಂಬ ಉತ್ತರ ಬರುತ್ತದೆ. ಎರಡನೆಯ ರೈತ ಕೇಳಿದಾಗ ಮತ್ತೆ ಫೋನ್ ಮಾಡಬೇಕೆ? ಮೂರನೆಯವನಿಗೆ? ನೂರನೆಯವನಿಗೆ? ಪ್ರತಿಯೊಬ್ಬರಿಗೂ ಫೋನ್ ಮಾಡಿದರೆ ಜಿಲ್ಲೆಯ ಎಲ್ಲ ಸೊಸೈಟಿಗಳ ಫೋನು ಸೇರಿ ಡಿಪೋದವರು ಲೋಡು ಇಳಿಸುವುದನ್ನೇ ಬಿಟ್ಟು ಫೋನಿಗೇ ಕೂರಬೇಕಾಗುತ್ತದೆ. ಫೋನ್ ಮಾಡದೆ ಸಂಜೆಯವರೆಗೂ ‘ಇಲ್ಲ’ ಎನ್ನುತ್ತಾ ಕೂತರೆ ಮಧ್ಯಾಹ್ನ ಬಂದ ಲೋಡು ನ್ಯಾಮತಿಗೆ ಬರದೆ ಬೇರೆ ಊರಿಗೆ ಹೋಗುತ್ತದೆ. ಒಮ್ಮೆ ಕೇಳಿದ ‘ಇಲ್ಲ’ವನ್ನು ಎಷ್ಟು ಹೊತ್ತು ನಂಬಬೇಕು? ಎಡ್ಜ್ ಸರ್ವರ್ ಎದುರಿಸುವುದು ಇದೇ ಪ್ರಶ್ನೆಯನ್ನು. ಅದರ ಮುಂದಿರುವ ಉತ್ತರ ಟಿಟಿಎಲ್ ಎಂಬ ಅಂಕಿ, ಅಂದರೆ ಆ ಉತ್ತರ ಬದುಕಿರಬಹುದಾದ ಅವಧಿ.

ಕಂಪನಿಗಳು ತಾವಾಗಿ ಇಟ್ಟಿರುವ ಅಂಕಿಗಳನ್ನು ನೋಡಿ. ಒರಿಜಿನ್ ಬೇರೆ ಏನೂ ಹೇಳದಿದ್ದರೆ ಕ್ಲೌಡ್‌ಫ್ರಂಟ್ ದೋಷದ ಉತ್ತರವನ್ನು ಈಗ 10 ಸೆಕೆಂಡು ಇಟ್ಟುಕೊಳ್ಳುತ್ತದೆ. ಮೊದಲು ಅದು 5 ನಿಮಿಷ ಇತ್ತು. ಕ್ಲೌಡ್‌ಫ್ಲೇರ್ 404ಕ್ಕೆ 3 ನಿಮಿಷ ಕೊಡುತ್ತದೆ. ಗೂಗಲ್‌ನಲ್ಲಿ ದೋಷದ ಉತ್ತರ ನೆನಪಿಡುವ ಸೌಲಭ್ಯ ಚಾಲೂ ಇದ್ದರೆ 404ಕ್ಕೆ 120 ಸೆಕೆಂಡು, 501ಕ್ಕೆ, ಅಂದರೆ ‘ಈ ಬಗೆಯ ಕೋರಿಕೆ ನನಗೆ ತಿಳಿಯದು’ ಎಂಬುದಕ್ಕೆ, 60 ಸೆಕೆಂಡು. ಈ ಸಂಖ್ಯೆಗಳು ದೋಷದ ಬಗೆಯನ್ನು ಹೇಳುತ್ತವೆ: 404 ಎಂದರೆ ‘ನೀವು ಕೇಳಿದ್ದು ಇಲ್ಲಿಲ್ಲ’. 503 ಎಂದರೆ ‘ಈಗ ಆಗದು, ಆಮೇಲೆ ಬನ್ನಿ’. 504 ಎಂದರೆ ‘ಡಿಪೋದವರು ಫೋನ್ ಎತ್ತುತ್ತಿಲ್ಲ’. ಕೇಳುವವನಿಗೆ ಮೂರೂ ಒಂದೇ: ಸೆಂಟರಿನ ಹುಡುಗ ಮೂರಕ್ಕೂ ‘ಸರ್ವರ್ ಡೌನ್’ ಎನ್ನುತ್ತಾನೆ. ಹಾಗೆ ಹೇಳುವ ಹೊತ್ತಿಗೆ ಸರ್ವರ್ ಎದ್ದು ಕೆಲಸ ಮಾಡುತ್ತಿದ್ದು, ಎಡ್ಜ್ ಮಾತ್ರ ಹಳೆಯ ಉತ್ತರ ಒಪ್ಪಿಸುತ್ತಿರುವ ಸಂದರ್ಭಗಳೂ ಉಂಟು.

ಈ ಮೂರು ಬಗೆಗೂ ಒಂದೇ ಆಯಸ್ಸು ಕೊಡಬಾರದು ಎಂಬುದು ಹೊಸ ತಿಳಿವಳಿಕೆ ಏನಲ್ಲ. ವಿಳಾಸಗಳನ್ನು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯವರು 1998ರ ಮಾರ್ಚಿನಲ್ಲೇ ಇದನ್ನು ನಿಯಮವಾಗಿ ಬರೆದರು. ಆರ್‌ಎಫ್‌ಸಿ 2308 ಎಂಬುದು ಆ ದಾಖಲೆ. ‘ಇಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನು ಒಂದರಿಂದ ಮೂರು ಗಂಟೆ ಇಟ್ಟುಕೊಂಡರೆ ಸರಿಹೋಗುತ್ತದೆ, ಒಂದು ದಿನ ಮೀರಿದರೆ ತೊಂದರೆ ಎಂದರು. ‘ಸರ್ವರ್ ಕೆಟ್ಟಿದೆ’ ಎಂಬ ಉತ್ತರವನ್ನು ಮಾತ್ರ 5 ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಲೇಕೂಡದು ಎಂದರು. ಎಷ್ಟು ವಿವೇಕದ ಭೇದ ಇದು! ಇಲ್ಲದಿರುವುದು ಒಂದು ಸ್ಥಿತಿ, ಅದು ನಿಧಾನವಾಗಿ ಬದಲಾಗುತ್ತದೆ. ಕೆಟ್ಟಿರುವುದು ಒಂದು ಘಟನೆ, ಅದನ್ನು ಯಾರೋ ಈಗಲೇ ರಿಪೇರಿ ಮಾಡುತ್ತಿರುತ್ತಾರೆ.

ಹಾಗಿದ್ದರೆ ಕೆಟ್ಟ ಉತ್ತರವನ್ನು ನೆನಪಿಡುವುದೇ ಬೇಡ ಎನ್ನಬಹುದೇ? ಅದೂ ಅಪಾಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಇಡೀ ಜಗತ್ತಿನಿಂದ ಮಾಯವಾದಾಗ ಏನಾಯಿತು ನೋಡಿ. ಅದರ ವಿಳಾಸಗಳನ್ನು ಕೇಳಿ .ಕಾಮ್, .ನೆಟ್ ಹೆಸರುಗಳ ಮೇಲ್ಮಟ್ಟದ ಸರ್ವರುಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 7 ಸಾವಿರದಷ್ಟು ಬರುತ್ತಿದ್ದ ಪ್ರಶ್ನೆಗಳು 9 ಲಕ್ಷಕ್ಕೆ ಏರಿದವು. ಉತ್ತರ ಸಿಗದವರು ಮತ್ತೆಮತ್ತೆ ಕೇಳಿದರು, ನಡುವಿನ ಯಂತ್ರಗಳು ಸೋತ ಉತ್ತರವನ್ನು ನೆನಪಿಟ್ಟುಕೊಳ್ಳದೆ ಪ್ರತಿ ಪ್ರಶ್ನೆಯನ್ನೂ ಮೇಲಕ್ಕೆ ದಾಟಿಸಿದವು. ಆ ಅನುಭವವನ್ನೂ ಕಟ್ಟಿಕೊಂಡು 2023ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 9520 ಹಳೆಯ ನಿಯಮವನ್ನು ಬಿಗಿ ಮಾಡಿತು: ಸೋತ ಉತ್ತರವನ್ನು ಕಡಿಮೆಯೆಂದರೂ 1 ಸೆಕೆಂಡು ಇಟ್ಟುಕೊಳ್ಳಲೇಬೇಕು, 5 ನಿಮಿಷ ಮೀರಕೂಡದು. ಸೊನ್ನೆಯೂ ಅಲ್ಲ, ಸಂಜೆಯವರೆಗೂ ಅಲ್ಲ.

ಸಣ್ಣ ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಬರೆದುಕೊಳ್ಳಿ. ಒಂದು ಎಡ್ಜಿಗೆ ಒಂದೇ ಪುಟವನ್ನು ಕೇಳಿ ನಿಮಿಷಕ್ಕೆ 60 ಸಾವಿರ ಕೋರಿಕೆಗಳು ಬರುತ್ತಿವೆ ಎನ್ನಿ. ಒರಿಜಿನ್ ಸುಸ್ತಾಗಿ 503 ಹೇಳುತ್ತಿದೆ. ದೋಷದ ಟಿಟಿಎಲ್ ಸೊನ್ನೆ ಇದ್ದರೆ ಆ 60 ಸಾವಿರವೂ ಸುಸ್ತಾದ ಒರಿಜಿನ್ ಮೇಲೇ ಬೀಳುತ್ತವೆ. 10 ಸೆಕೆಂಡು ಇಟ್ಟರೆ ಎಡ್ಜ್ ನಿಮಿಷಕ್ಕೆ ಆರು ಸಲ ಕೇಳಿ ನೋಡುತ್ತದೆ, ಅಷ್ಟೇ. ಒರಿಜಿನ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ. ಸರಿಹೋದ ಮೇಲೆ ಜನ ಕಾಯಬೇಕಾದದ್ದು ಹೆಚ್ಚೆಂದರೆ 10 ಸೆಕೆಂಡು. ಇದನ್ನೇ 300 ಸೆಕೆಂಡಿಗೆ ಏರಿಸಿದರೆ ಒರಿಜಿನ್ ಮೇಲಿನ ಹೊರೆಯಲ್ಲಿ ಮುಂದೆ ಆಗುವ ಉಳಿತಾಯ ಅತ್ಯಲ್ಪ; ನಿಮಿಷಕ್ಕೆ ಆರು ಕೋರಿಕೆ ಯಾವ ಸರ್ವರಿಗೂ ಭಾರವಲ್ಲ. ಆದರೆ ಜನರ ಕಾಯುವಿಕೆ ಮೂವತ್ತು ಪಟ್ಟು ಹೆಚ್ಚುತ್ತದೆ. ಆದ್ದರಿಂದ 500, 502, 503, 504 ಎಂಬ ಸರ್ವರ್ ದೋಷಗಳಿಗೆ ನಾನು ಐದರಿಂದ ಹತ್ತು ಸೆಕೆಂಡಿನ ಪಕ್ಷ. ಅದಕ್ಕಿಂತ ಹೆಚ್ಚು ಇಡುವವರು ಕಾರಣ ಕೊಡಬೇಕು.

404ರ ವಿಷಯ ಇನ್ನೂ ಸೂಕ್ಷ್ಮ. ಮಾಮೂಲಿ ದಿನಗಳಲ್ಲಿ ಇಲ್ಲದ ಪುಟಕ್ಕೆ ‘ಇಲ್ಲ’ ಎಂದು ಮೂರು ನಿಮಿಷ ಹೇಳಿದರೆ ಯಾರಿಗೂ ನಷ್ಟವಿಲ್ಲ. ಜಾಲತಾಣಗಳ ಕೋರಿಕೆ-ಉತ್ತರಗಳನ್ನು ಆಳುವ ಎಚ್‌ಟಿಟಿಪಿ ನಿಯಮಗಳೇ 404, 405, 410, 414, 501 ಉತ್ತರಗಳನ್ನು ಬೇರೆ ಸೂಚನೆ ಇಲ್ಲದಿದ್ದರೆ ನೆನಪಿಟ್ಟುಕೊಳ್ಳಬಹುದಾದವು ಎನ್ನುತ್ತವೆ. ಕಷ್ಟ ಬರುವುದು ‘ಇನ್ನೂ ಇಲ್ಲ’ದ ಪುಟಗಳಲ್ಲಿ. ಫಲಿತಾಂಶದ ಪುಟ, ಇವತ್ತಿನ ದರದ ಪುಟ, ನಾಳೆ ಬಿಡುವ ಅರ್ಜಿಯ ಪುಟ, ನ್ಯಾಮತಿಯಂಥ ಹೊಸ ತಾಲ್ಲೂಕಿಗಾಗಿ ಹೊಸದಾಗಿ ತೆರೆಯುವ ಪುಟ. ಇಂಥವಕ್ಕೆ ಮೊದಲು ಬಂದು ಕೇಳುವವನು ಯಾವಾಗಲೂ ಅವಸರದವನೇ. ಅವನಿಗೆ ಸಿಕ್ಕ ‘ಇಲ್ಲ’ವನ್ನು ಎಡ್ಜ್ ಹಿಡಿದಿಟ್ಟುಕೊಂಡರೆ, ಪುಟ ಬಂದ ಮೇಲೆ ಬಂದವನೂ ಆ ‘ಇಲ್ಲ’ವನ್ನೇ ಹೊತ್ತು ಹೋಗುತ್ತಾನೆ.

ಇದರ ಒಂದು ನಮೂನೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರು ದಿನವೂ ನೋಡುವಂಥ ಒಂದು ದರದ ಪುಟ. ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ರಾಶಿ ಇಡಿ, ಬೆಟ್ಟೆ, ಗೊರಬಲು ಇವುಗಳ ಕ್ವಿಂಟಲ್ ದರವನ್ನು ಆ ಪುಟ ತೋರಿಸುತ್ತಿತ್ತು. ದೂರು ವಿಚಿತ್ರವಾಗಿತ್ತು: ಮಧ್ಯಾಹ್ನ ನೋಡುವವರಿಗೆ ದರ ಕಾಣುತ್ತದೆ, ಬೆಳಿಗ್ಗೆ ಬೇಗ ನೋಡಿದವರಿಗೆ ಇಡೀ ದಿನ ಕಾಣುವುದಿಲ್ಲ. ರಿಫ್ರೆಶ್ ಒತ್ತಿದರೂ ಇಲ್ಲ. ಬಿಚ್ಚಿ ನೋಡಿದಾಗ ಸಂಗತಿ ಹೀಗಿತ್ತು. ದರ ಇರುವ ಚಿಕ್ಕ ಕಡತದ ಹೆಸರಿನಲ್ಲಿ ಆ ದಿನದ ತಾರೀಕು ಸೇರಿತ್ತು. ಮಾರುಕಟ್ಟೆಯ ವಹಿವಾಟು ಮುಗಿದ ಮೇಲಷ್ಟೇ ಆ ಕಡತ ಹುಟ್ಟುತ್ತಿತ್ತು. ಅದಕ್ಕೂ ಮೊದಲು ಕೇಳಿದವರಿಗೆ 404. ಅಲ್ಲಿಯವರೆಗೆ ಸರಿ. ಆದರೆ ಒರಿಜಿನ್‌ನಲ್ಲಿದ್ದ ಎಂಜಿನ್‌ಎಕ್ಸ್ ಸರ್ವರಿನ ಸೆಟ್ಟಿಂಗಿನಲ್ಲಿ ‘ಒಂದು ದಿನ ಇಟ್ಟುಕೋ’ ಎಂಬ ಹೆಡರ್ (ಉತ್ತರದ ಜೊತೆ ಹೋಗುವ ಸೂಚನೆ) ಸಾಲಿನ ಕೊನೆಯಲ್ಲಿ ‘ಆಲ್ವೇಸ್’ ಎಂಬ ಒಂದು ಪದ ಸೇರಿತ್ತು. ಆ ಪದ ಇಲ್ಲದಿದ್ದರೆ ಎಂಜಿನ್‌ಎಕ್ಸ್ ಆ ಹೆಡರನ್ನು 200, 301, 302 ಮುಂತಾದ ಒಳ್ಳೆಯ ಉತ್ತರಗಳಿಗೆ ಮಾತ್ರ ಅಂಟಿಸುತ್ತದೆ. ಇದ್ದರೆ 404, 503ಕ್ಕೂ ಅಂಟಿಸುತ್ತದೆ. ಹೀಗೆ ‘ಇಲ್ಲ’ ಎಂಬ ಉತ್ತರವೂ 86,400 ಸೆಕೆಂಡಿನ ಆಯಸ್ಸು ಹೊತ್ತು ಹೊರಟಿತು. ದರ ಬಂದ ಕೂಡಲೇ ನೌಕರರು ಸಿಡಿಎನ್‌ನಲ್ಲಿ ಹಳೆಯದನ್ನು ಅಳಿಸುತ್ತಿದ್ದರು. ಆದರೆ ಅಳಿಸುವ ಗುಂಡಿ ಎಡ್ಜ್‌ವರೆಗೆ ಮಾತ್ರ ಮುಟ್ಟುತ್ತದೆ, ಬೆಳೆಗಾರನ ಜೇಬಿನ ಫೋನಿಗೆ ಮುಟ್ಟುವುದಿಲ್ಲ. ಅವನ ಬ್ರೌಸರಿನಲ್ಲಿ ಆ 404 ಇಡೀ ದಿನ ಕುಳಿತಿತ್ತು. ಪುಟವನ್ನು ರಿಫ್ರೆಶ್ ಮಾಡಿದರೆ ಹೊರಗಿನ ಪುಟ ಹೊಸದಾಗಿ ಬರುತ್ತಿತ್ತು, ಒಳಗಿನ ದರದ ಕಡತ ಮಾತ್ರ ಫೋನಿನ ನೆನಪಿನಿಂದಲೇ. ಮಾಲು ಕೊಡುವುದೋ ಬಿಡುವುದೋ ಎಂದು ಬೆಳಿಗ್ಗೆಯೇ ಲೆಕ್ಕ ಹಾಕುವ ಜಾಗೃತ ಬೆಳೆಗಾರನಿಗೇ ದರ ಕಾಣಲಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿಯಾಗಿ ಕಂಡಿತು.

ಪರಿಹಾರ ಎರಡು ಸಾಲಿನದು. ದೋಷದ ಉತ್ತರಕ್ಕೆ ಫೋನಿನಲ್ಲಿ ಆಯಸ್ಸು ಸೊನ್ನೆ, ಎಡ್ಜಿನಲ್ಲಿ ಐದು ಸೆಕೆಂಡು. ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ ಇದಕ್ಕೆ ಬೇರೆಬೇರೆ ಮಾತುಗಳಿವೆ: ಮ್ಯಾಕ್ಸ್-ಏಜ್ ಎಂಬುದು ಎಲ್ಲರಿಗೂ, ಎಸ್-ಮ್ಯಾಕ್ಸೇಜ್ ಎಂಬುದು ಎಡ್ಜಿನಂಥ ಹಂಚಿಕೆಯ ನೆನಪಿಗೆ ಮಾತ್ರ. ‘ಮ್ಯಾಕ್ಸ್-ಏಜ್=0, ಎಸ್-ಮ್ಯಾಕ್ಸೇಜ್=5’ ಎಂದು ಬರೆದರೆ ಕೆಲಸ ಆಯಿತು. ಇನ್ನೂ ಒಳ್ಳೆಯ ದಾರಿಯೆಂದರೆ ಕಡತವನ್ನು ಮೊದಲೇ ಹುಟ್ಟಿಸಿ ಒಳಗೆ ‘ಇವತ್ತಿನ ದರ ಇನ್ನೂ ಬಂದಿಲ್ಲ’ ಎಂದು ಬರೆದಿಡುವುದು, ಆಯಸ್ಸನ್ನು ಚಿಕ್ಕದಾಗಿಡುವುದು. ಆಗ 404ರ ಪ್ರಶ್ನೆಯೇ ಏಳುವುದಿಲ್ಲ.

ಅಮೆಜಾನಿನ ಎಸ್3 ಗೋದಾಮಿನಲ್ಲಿ ಕಡತ ಇಡುವವರಿಗೆ ಇನ್ನೊಂದು ಎಚ್ಚರ. ಪಟ್ಟಿ ನೋಡುವ ಅನುಮತಿ ಇಲ್ಲದವರು ಇಲ್ಲದ ಕಡತ ಕೇಳಿದರೆ ಎಸ್3 404 ಹೇಳುವುದಿಲ್ಲ, 403 ಹೇಳುತ್ತದೆ, ಅಂದರೆ ‘ನಿಮಗೆ ಅನುಮತಿ ಇಲ್ಲ’; ಇದೆಯೋ ಇಲ್ಲವೋ ಎಂಬುದನ್ನೂ ಬಿಟ್ಟುಕೊಡುವುದಿಲ್ಲ. 404ಕ್ಕೆಂದು ನೀವು ಎಚ್ಚರದಿಂದ ಬರೆದ ನಿಯಮ ಅಲ್ಲಿ ಜಾರಿಯಾಗುವುದೇ ಇಲ್ಲ.

ಈಗ ನಾನು ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸುವ ಅಭ್ಯಾಸಕ್ಕೆ ಬರುತ್ತೇನೆ. ನಮ್ಮ ಎಷ್ಟೋ ಜಾಲತಾಣಗಳು ಸೋತಾಗ ಒಂದು ಚೆಂದದ ಪುಟ ತೋರಿಸುತ್ತವೆ: ‘ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಮನುಷ್ಯ ಓದಿದರೆ ಅದು ದೋಷದ ಪುಟ. ಆದರೆ ಅದರ ತಲೆಯ ಮೇಲಿನ ಸಂಖ್ಯೆ 200, ಅಂದರೆ ‘ಎಲ್ಲ ಸರಿಯಾಗಿದೆ’. ಎಡ್ಜ್ ಓದುವುದು ಆ ಸಂಖ್ಯೆಯನ್ನು ಮಾತ್ರ. ಒಳ್ಳೆಯ ಉತ್ತರ ಸಿಕ್ಕಿತೆಂದು ಅದು ಒಳ್ಳೆಯ ಉತ್ತರದ ಆಯಸ್ಸನ್ನೇ ಕೊಡುತ್ತದೆ. ಕ್ಲೌಡ್‌ಫ್ರಂಟಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಆ ಆಯಸ್ಸು 24 ಗಂಟೆ. ಸೊಸೈಟಿಯ ಬೋರ್ಡಿನ ಮೇಲೆ ‘ಯೂರಿಯಾ ದಾಸ್ತಾನು’ ಎಂಬ ತಲೆಬರಹದ ಕೆಳಗೆ ‘ಡಿಪೋ ಫೋನ್ ಎತ್ತಲಿಲ್ಲ’ ಎಂದು ಬರೆದು ನಾಳೆಯವರೆಗೆ ಅಳಿಸಬೇಡಿ ಎಂದಂತಾಯಿತು. ಒಂದೇ ಕ್ಷಣದ ತೊಡಕು ಒಂದು ದಿನದ ತೊಡಕಾಗುತ್ತದೆ. ಸೆಟ್ಟಿಂಗಿನ ತೆರೆಯಲ್ಲಿ ದೋಷಕ್ಕೆ 10 ಸೆಕೆಂಡು ಇರುವುದನ್ನು ನೋಡಿ ಎಂಜಿನಿಯರ್ ನೆಮ್ಮದಿಯಿಂದ ಇರುತ್ತಾನೆ, ಏಕೆಂದರೆ ಅವನ ಲೆಕ್ಕದಲ್ಲಿ ದೋಷವೇ ನಡೆದಿಲ್ಲ. ಒಂದೇ ಪುಟದ ಆ್ಯಪ್‌ಗಳನ್ನು ಕಟ್ಟುವವರು 403, 404 ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿ 200 ಎಂದು ಬದಲಿಸುವ ಪಾಠವನ್ನು ಕಣ್ಣುಮುಚ್ಚಿ ಅನುಸರಿಸುತ್ತಾರೆ. ದಾವಣಗೆರೆಯ ಯುಬಿಡಿಟಿ ಕಾಲೇಜು 1951ರಿಂದ ಎಂಜಿನಿಯರುಗಳನ್ನು ತಯಾರುಮಾಡುತ್ತಿದೆ. ಅಲ್ಲಿಂದಲೂ ಬೇರೆ ಕಾಲೇಜುಗಳಿಂದಲೂ ಹೊರಡುವ ಮಕ್ಕಳಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ಸೋತಾಗ ಸೋತೆ ಎಂದೇ ಸಂಖ್ಯೆಯಲ್ಲಿ ಹೇಳಿ. ಪುಟ ಎಷ್ಟು ಚೆಂದವಾದರೂ ಇರಲಿ, ತಲೆಯ ಮೇಲೆ 503 ಇರಲಿ, ಜೊತೆಗೆ ಎಷ್ಟು ಹೊತ್ತಿನ ನಂತರ ಬರಬೇಕೆಂದು ತಿಳಿಸುವ ರಿಟ್ರೈ-ಆಫ್ಟರ್ ಹೆಡರ್ ಇರಲಿ.

ಇನ್ನು ಯಾರಿಗೂ ಹಂಚಬಾರದ ಉತ್ತರಗಳಿವೆ. 401 ಎಂದರೆ ‘ನೀವು ಯಾರೆಂದು ತಿಳಿಸಿ’. 429 ಎಂದರೆ ‘ನೀವು ಅತಿಯಾಗಿ ಕೇಳಿದಿರಿ’. ಇವು ಕೇಳಿದ ಆ ಒಬ್ಬನಿಗೆ ಕೊಟ್ಟ ಉತ್ತರ. ಹತ್ತು ಸಲ ಸತಾಯಿಸಿದವನಿಗೆ ಸೆಕ್ರೆಟರಿ ‘ಸ್ವಲ್ಪ ಸುಮ್ಮನಿರಪ್ಪ’ ಎಂದದ್ದನ್ನು ಹಿಂದೆ ಸಾಲಿನಲ್ಲಿ ನಿಂತ ಅಜ್ಜಿಗೂ ಹೇಳಿದರೆ ಅನ್ಯಾಯವಲ್ಲವೇ? ಅದಕ್ಕೇ 429ನ್ನು ನೆನಪಿಟ್ಟುಕೊಳ್ಳಲೇಕೂಡದೆಂದು ನಿಯಮ ಖಡಾಖಂಡಿತವಾಗಿ ಹೇಳುತ್ತದೆ.

ಕೇಳುವ ರೀತಿಯಲ್ಲೇ ಕೇಡು ಮಾಡುವವರೂ ಇದ್ದಾರೆ. 2019ರಲ್ಲಿ ಜರ್ಮನಿಯ ಕಲೋನಿನ ಹೊಆಯ್ ವಿಯೆಟ್ ಗುಯೆನ್, ಲುಯಿಜಿ ಲೊ ಯಾಕೊನೊ, ಹ್ಯಾಂಬರ್ಗಿನ ಹಾನೆಸ್ ಫೆಡೆರಾತ್ ಈ ಮೂವರು ಒಂದು ದಾಳಿಯ ಬಗೆಯನ್ನು ಬಯಲಿಗೆ ತಂದರು. ಸಿಪಿಡಾಸ್ ಎಂದು ಅದರ ಹೆಸರು. ದಾಳಿಕೋರ ಒಳ್ಳೆಯ ಪುಟವನ್ನೇ ಕೇಳುತ್ತಾನೆ, ಆದರೆ ಕೋರಿಕೆಯ ಜೊತೆ ಒಂದು ಮಿತಿಮೀರಿ ಉದ್ದವಾದ ಹೆಡರನ್ನೋ ವಿಚಿತ್ರ ಅಕ್ಷರವನ್ನೋ ಸೇರಿಸುತ್ತಾನೆ. ಎಡ್ಜ್ ಅದನ್ನು ಸಹಿಸಿಕೊಂಡು ಮುಂದೆ ದಾಟಿಸುತ್ತದೆ. ಒರಿಜಿನ್ ಸಹಿಸದೆ 400 ಎನ್ನುತ್ತದೆ, ಅಂದರೆ ‘ಕೋರಿಕೆಯೇ ಸರಿಯಿಲ್ಲ’. ಆ 400ನ್ನು ಎಡ್ಜ್ ಒಳ್ಳೆಯ ಪುಟದ ವಿಳಾಸಕ್ಕೇ ಅಂಟಿಸಿಟ್ಟುಕೊಂಡರೆ ಮುಂದೆ ನೆಟ್ಟಗೆ ಕೇಳಿದವರಿಗೂ ಅದೇ ಸಿಗುತ್ತದೆ. ಒಬ್ಬನ ಒಂದು ಕೋರಿಕೆಯಿಂದ ಒಂದು ಪುಟವೇ ಮುಚ್ಚಿಹೋಯಿತು. ಈ ಸಂಶೋಧನೆಯ ನಂತರ ಅಮೆಜಾನ್ 400 ಉತ್ತರವನ್ನು ತಾನಾಗಿ ನೆನಪಿಡುವುದನ್ನು ನಿಲ್ಲಿಸಿತು. ಕೇಳುವವನ ತಪ್ಪಿನಿಂದ ಬಂದ ದೋಷಕ್ಕೆ ಸೊನ್ನೆ ಆಯಸ್ಸೇ ಸರಿ.

ಹಳೆಯ ಒಳ್ಳೆಯ ಪ್ರತಿ ಕೈಯಲ್ಲಿದ್ದರೆ ದೋಷವನ್ನು ತೋರಿಸುವುದಕ್ಕಿಂತ ಅದನ್ನೇ ಕೊಡುವುದು ಇನ್ನೊಂದು ದಾರಿ. ಮಾರ್ಕ್ ನಾಟಿಂಗ್‌ಹ್ಯಾಮ್ 2010ರಲ್ಲಿ ಆರ್‌ಎಫ್‌ಸಿ 5861ರಲ್ಲಿ ಇದಕ್ಕೆ ಸ್ಟೇಲ್-ಇಫ್-ಎರರ್ ಎಂಬ ಸೂಚನೆ ಬರೆದರು. ಫಲಿತಾಂಶ ನೋಡುವ ನಮೂನೆಯ ಪುಟ, ಯೋಜನೆಯ ನಿಯಮಗಳ ಪುಟ, ಸಹಾಯವಾಣಿಯ ಪುಟ ಇವಕ್ಕೆ ಇದು ವರ. ನಿನ್ನೆಯ ಪ್ರತಿ ಇವತ್ತೂ ಕೆಲಸಕ್ಕೆ ಬರುತ್ತದೆ. ಅಡಿಕೆ ದರಕ್ಕೆ, ಗೊಬ್ಬರದ ದಾಸ್ತಾನಿಗೆ ಹಾಗಲ್ಲ. ನಿನ್ನೆಯ ರಾಶಿ ಇಡಿ ದರವನ್ನು ತಾರೀಕು ಹಾಕದೆ ಇವತ್ತು ತೋರಿಸಿದರೆ ದೋಷದ ಪುಟಕ್ಕಿಂತ ಹೆಚ್ಚು ಹಾನಿ. ಅಲ್ಲಿ ‘ಗೊತ್ತಿಲ್ಲ’ ಎನ್ನುವುದೇ ಪ್ರಾಮಾಣಿಕತೆ. ಯಾವ ಪುಟ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಯಂತ್ರ ಹೇಳಲಾರದು, ಆ ಪುಟವನ್ನು ನಂಬಿ ಬದುಕುವವರನ್ನು ಬಲ್ಲವರು ಹೇಳಬೇಕು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಕ್ಕಿದೆ ಎಂದು ನಾನು ನಂಬಿದ್ದೇನೆ. ಹಳ್ಳಿಗಳಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಯೋಜನೆ 2022ರ ಜನವರಿ 26ರಂದು 12 ಜಿಲ್ಲೆಗಳಿಗೆ ಹರಡುವ ಮೊದಲು ಪ್ರಾಯೋಗಿಕವಾಗಿ ನಡೆದದ್ದು ದಾವಣಗೆರೆ ಜಿಲ್ಲೆಯಲ್ಲೇ. ಕೌಂಟರಿನ ಈಚೆ ನಿಂತ ಮನುಷ್ಯನಿಗೆ ತೆರೆಯ ಮೇಲಿನ ದೋಷ ಏನು ಮಾಡುತ್ತದೆಂಬುದನ್ನು ಮೊದಲು ಕಂಡವರಲ್ಲಿ ನೀವೂ ಸೇರಿದ್ದೀರಿ. ಜಗಳೂರು ಮಳೆ ನಂಬಿದ ತಾಲ್ಲೂಕು; ಬೆಳೆ ವಿಮೆಯ ಕೊನೆಯ ದಿನ ಅಲ್ಲಿ ಒಂದು ಗಂಟೆಗೂ ಬೆಲೆಯಿದೆ. ರೈತ ಮಧ್ಯಾಹ್ನ ಬಸ್ಸು ಹಿಡಿದು ವಾಪಸು ಹೋದರೆ ಮತ್ತೆ ಆ ದಿನ ಬರಲಾರ. ಐದು ನಿಮಿಷದ ಹಳೆಯ 503 ಅವನನ್ನು ಬಸ್ಸು ಹತ್ತಿಸಬಾರದು.

ಆದ್ದರಿಂದ ದೊಡ್ಡ ದಿನಗಳಿಗೆ ಕೆಲವು ಕಟ್ಟುಪಾಡು ಬೇಕು. ಮೊದಲು ಪುಟ, ಆಮೇಲೆ ಪ್ರಕಟಣೆ. ಕಡತಗಳು ಒರಿಜಿನ್‌ನಲ್ಲಿ ಕುಳಿತ ಮೇಲೆಯೇ ಸಮಯ ಹೇಳಬೇಕು. ಆ ಹೊತ್ತಿಗಿಂತ ಮುಂಚೆ ಬಂದವರಿಗೆ 404 ಬೇಡ. ‘ಫಲಿತಾಂಶ ಇಂಥ ಗಂಟೆಗೆ ಇಲ್ಲೇ ಬರುತ್ತದೆ’ ಎಂದು ಕನ್ನಡದಲ್ಲಿ ಬರೆದ ಒಂದು ಪುಟ, ಐದು ಸೆಕೆಂಡಿನ ಆಯಸ್ಸಿನೊಂದಿಗೆ ಇರಲಿ. ಕ್ಲೌಡ್‌ಫ್ರಂಟ್ ಮೊದಲಾದವುಗಳಲ್ಲಿ ದೋಷದ ಸಂಖ್ಯೆಯೊಂದಕ್ಕೆ ನಿಮ್ಮದೇ ಪುಟ ಇಡಬಹುದು, ಅದಕ್ಕೆ ಬೇರೆ ಆಯಸ್ಸು ಕೊಡಬಹುದು. ಹಾಗಾಗಿ ‘ಸರ್ವಿಸ್ ಅನ್‌ಅವೈಲಬಲ್’ ಎಂಬ ಒಣ ಇಂಗ್ಲಿಷ್ ಸಾಲನ್ನು ಹಳ್ಳಿಯ ತಾಯಿಗೆ ತೋರಿಸಲು ಯಾವ ನೆಪವೂ ಇಲ್ಲ. ಆ ಪುಟವನ್ನು ಸುಸ್ತಾಗುವ ಸರ್ವರಿನಲ್ಲೇ ಇಡಬೇಡಿ, ಬೇರೆ ಕಡೆ ಇಡಿ. ಇಲ್ಲದಿದ್ದರೆ ಬೇಕಾದಾಗ ಅದೂ ಸಿಗದು. ಹಳೆಯ ಉತ್ತರ ಅಳಿಸುವ ಗುಂಡಿ ಯಾರ ಕೈಯಲ್ಲಿದೆ, ಆ ದಿನ ಅವರು ಎಲ್ಲಿರುತ್ತಾರೆ ಎಂಬುದು ಹಿಂದಿನ ದಿನವೇ ಗೊತ್ತಿರಬೇಕು. ಪರೀಕ್ಷಿಸಿ ನೋಡುವವರು ಬೆಂಗಳೂರಿನ ಕಚೇರಿಯ ವೈಫೈನಿಂದ ಮಾತ್ರ ನೋಡದೆ ಎರಡು ಮೂರು ಕಂಪನಿಯ ಸಿಮ್ಮುಗಳಿಂದ ನೋಡಬೇಕು, ಸಾಧ್ಯವಾದರೆ ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಒಬ್ಬರು ನೋಡಿ ತಿಳಿಸಬೇಕು.

ಗ್ರಾಮ ಒನ್ ಗೆಳೆಯರಿಗೆ ಕಡೆಯದಾಗಿ ಒಂದು ಕೈಕೆಲಸ ತೋರಿಸುತ್ತೇನೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಪಟ್ಟಿ ತೆರೆದು, ಪುಟವನ್ನು ಮತ್ತೆ ತರಿಸಿ. ಮೊದಲ ಸಾಲಿನಲ್ಲಿ 503 ಅಥವಾ 404 ಕಾಣುತ್ತದೆ. ಅದರ ಮೇಲೆ ಒತ್ತಿದರೆ ಹೆಡರುಗಳು. ಅಲ್ಲಿ ‘ಏಜ್’ ಎಂಬ ಹೆಸರಿದ್ದು ಮುಂದೆ 140 ಎಂದಿದ್ದರೆ ನೀವು ನೋಡುತ್ತಿರುವುದು 140 ಸೆಕೆಂಡು ಹಳೆಯ ಉತ್ತರ. ಆಗ ಕೌಂಟರಿನ ಮುಂದಿನವರಿಗೆ ‘ನಾಳೆ ಬನ್ನಿ’ ಎನ್ನಬೇಡಿ. ಫೋನಿನ ಹಾಟ್‌ಸ್ಪಾಟ್ ಹಾಕಿ, ಬೇರೆ ಕಂಪನಿಯ ಸಿಮ್ಮಿನಿಂದ ಒಮ್ಮೆ ನೋಡಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಸಂಖ್ಯೆ, ಏಜ್, ಗಂಟೆ ಈ ಮೂರನ್ನೂ ತೆರೆಯ ಚಿತ್ರ ತೆಗೆದು ಸಹಾಯವಾಣಿಗೆ ಕಳಿಸಿ. ‘ಸರ್ವರ್ ಡೌನ್’ ಎಂಬ ದೂರನ್ನು ಮೇಲಿನವರು ತಳ್ಳಿಹಾಕಬಲ್ಲರು, ಏಕೆಂದರೆ ಅವರ ತೆರೆಯಲ್ಲಿ ಸರ್ವರ್ ಚೆನ್ನಾಗಿಯೇ ಇರುತ್ತದೆ. ‘ಮಧ್ಯಾಹ್ನ 3.10ಕ್ಕೆ 503 ಬರುತ್ತಿದೆ, ಏಜ್ 140’ ಎಂಬ ದೂರನ್ನು ತಳ್ಳಿಹಾಕಲಾಗದು. ಅದನ್ನು ಓದಿದ ಎಂಜಿನಿಯರ್ ನೇರವಾಗಿ ಆ ಸೆಟ್ಟಿಂಗಿನ ಖಾನೆಯನ್ನೇ ತೆರೆದು ನೋಡಬೇಕಾಗುತ್ತದೆ.